ಕತ್ತಿಗೆ ಮೊದಲು ಮದ್ದು

ಬಾಯಿ, ಗಂಟಲಿನ ಕ್ಯಾನ್ಸರ್ ಬಲಿತ ಮೇಲೆ ಪತ್ತೆಯಾದರೆ ವೈದ್ಯರ ಕೈಯಲ್ಲಿದ್ದದ್ದು ಬಹುಕಾಲ ಎರಡೇ ಆಯುಧ: ಮೊದಲು ಆಪರೇಷನ್, ಆಮೇಲೆ ವಿಕಿರಣ. ಗಡ್ಡೆ ಧ್ವನಿಪೆಟ್ಟಿಗೆಯಲ್ಲಿದ್ದರೆ ಇಡೀ ಪೆಟ್ಟಿಗೆಯನ್ನೇ ತೆಗೆದು, ಉಸಿರಾಟಕ್ಕೆ ಕತ್ತಿನಲ್ಲೊಂದು ರಂಧ್ರ ಮಾಡುತ್ತಿದ್ದರು. ಜೀವ ಉಳಿಯುತ್ತಿತ್ತು, ಮಾತು ಹೋಗುತ್ತಿತ್ತು. ಕೀಮೋ ನೆನಪಾಗುತ್ತಿದ್ದದ್ದು ಇವೆರಡೂ ಸೋತ ಮೇಲೆ.

ಈ ಸರದಿಯನ್ನು ಬದಲಿಸಿದ್ದು ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದು. ಅದು ಸಿಕ್ಕಿದ್ದೇ ಆಕಸ್ಮಿಕವಾಗಿ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸಿದಾಗ ಅವು ವಿಭಜನೆಯಾಗುವುದನ್ನೇ ನಿಲ್ಲಿಸಿದವು. ಕಾರಣ ವಿದ್ಯುತ್ತಲ್ಲ, ಎಲೆಕ್ಟ್ರೋಡಿನಿಂದ ಕರಗಿಬಂದ ಪ್ಲಾಟಿನಂ. ಅದರ ಸಂಯುಕ್ತವೇ ಸಿಸ್‌ಪ್ಲಾಟಿನ್. 1980ರ ದಶಕದ ಆರಂಭದಲ್ಲಿ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯರು ಸಿಸ್‌ಪ್ಲಾಟಿನ್ ಜೊತೆಗೆ ಫೈವ್-ಎಫ್‌ಯು ಎಂಬ ಇನ್ನೊಂದು ಕೀಮೋ ಮದ್ದನ್ನು ಸೇರಿಸಿ ಚಿಕಿತ್ಸೆಯ ಮೊದಲಿಗೇ ಕೊಟ್ಟರು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿಯ ಗಡ್ಡೆ ಕುಗ್ಗಿತು. ಕೀಮೋಗೆ ಬಗ್ಗಿದ ಗಡ್ಡೆ ವಿಕಿರಣಕ್ಕೂ ಬಗ್ಗುತ್ತದೆ ಎಂಬ ಸುಳಿವೂ ಅಲ್ಲೇ ಸಿಕ್ಕಿತು.

ಆ ಸುಳಿವಿನ ಬೆನ್ನು ಹತ್ತಿದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ. 1991ರಲ್ಲಿ ಬಂದ ಫಲಿತಾಂಶ ಇದು: ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬಲಿತಿದ್ದ 332 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಆಪರೇಷನ್, ಉಳಿದವರಿಗೆ ಮೊದಲು ಕೀಮೋ, ಆಮೇಲೆ ವಿಕಿರಣ. ಎರಡು ವರ್ಷದ ಹೊತ್ತಿಗೆ ಎರಡೂ ಕಡೆ ಬದುಕಿದ್ದವರು ಶೇ. 68. ಆದರೆ ಕೀಮೋ ಗುಂಪಿನ ಶೇ. 64 ಮಂದಿಯ ಧ್ವನಿಪೆಟ್ಟಿಗೆ ಉಳಿದಿತ್ತು. ಒಂದು ದಿನವೂ ಆಯುಷ್ಯ ಹೆಚ್ಚಿಸದ ಚಿಕಿತ್ಸೆಯನ್ನು ಗೆಲುವೆಂದು ವೈದ್ಯಲೋಕ ಒಪ್ಪಿಕೊಂಡ ಅಪರೂಪದ ಸಂದರ್ಭವದು. ಒಪ್ಪಿದ್ದೂ ಸರಿಯೇ.

ಆ ಸಂಭ್ರಮಕ್ಕೂ ಪೆಟ್ಟು ಬಿತ್ತು. 2003ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ವಿಕಿರಣದ ಜೊತೆಜೊತೆಗೇ ಸಿಸ್‌ಪ್ಲಾಟಿನ್ ಪಡೆದವರಲ್ಲಿ ಶೇ. 88 ಮಂದಿಗೆ ಎರಡು ವರ್ಷದ ಬಳಿಕವೂ ಧ್ವನಿಪೆಟ್ಟಿಗೆ ಇತ್ತು. ಕೀಮೋ ಮೊದಲೇ ಮುಗಿಸಿದವರಲ್ಲಿ ಶೇ. 75. 2007ರಲ್ಲಿ ಡೋಸಿಟಾಕ್ಸೆಲ್ ಸೇರಿದ ಮೂರು ಮದ್ದುಗಳ ಮಿಶ್ರಣ ಹಳೆಯ ಜೋಡಿಯನ್ನು ಮೀರಿಸಿ ಮತ್ತೆ ಆಸೆ ಹುಟ್ಟಿಸಿತು. ಆದರೆ ಅದೂ, ಕೀಮೋ-ವಿಕಿರಣ ಒಟ್ಟಿಗೆ ಕೊಡುವ ಪದ್ಧತಿಗಿಂತ ಮೇಲೆಂದು 2013ರ ಪ್ಯಾರಡೈಮ್ ಎಂಬ ಟ್ರಯಲ್‌ನಲ್ಲಿ ಸಾಬೀತಾಗಲಿಲ್ಲ.

ಬಾಯಿಯ ಕ್ಯಾನ್ಸರಿನ ಕಥೆ ಇನ್ನೂ ಕಠಿಣ. ಮಿಲಾನ್‌ನಲ್ಲಿ 195 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಆಪರೇಷನ್ನಿಗೆ ಮುಂಚಿನ ಕೀಮೋ ಆಯುಷ್ಯ ಹೆಚ್ಚಿಸಲಿಲ್ಲ. ದವಡೆ ಮೂಳೆ ಕತ್ತರಿಸಬೇಕಾದ ಪ್ರಮಾಣ ಮಾತ್ರ ಶೇ. 52ರಿಂದ 31ಕ್ಕೆ ಇಳಿಯಿತು. ಶಾಂಘೈನ 256 ರೋಗಿಗಳಲ್ಲೂ ಆಯುಷ್ಯದ ಲಾಭ ಕಾಣಲಿಲ್ಲ. ಬತ್ತುವ ಕೆರೆಯ ನೀರು ಅಲ್ಲಲ್ಲಿ ಗುಂಡಿಗಳಲ್ಲಿ ನಿಲ್ಲುವ ಹಾಗೆ, ಕುಗ್ಗಿದ ಗಡ್ಡೆಯ ಹಳೆಯ ಎಲ್ಲೆಯೊಳಗೆ ಕ್ಯಾನ್ಸರ್ ಕೋಶಗಳು ಚದುರಿ ಉಳಿಯಬಹುದು. ಗಡ್ಡೆ ಚಿಕ್ಕದಾಯಿತೆಂದು ಕತ್ತರಿಸುವ ಜಾಗವನ್ನೂ ಚಿಕ್ಕದು ಮಾಡಲು ಶಸ್ತ್ರವೈದ್ಯರು ಹಿಂಜರಿಯುವುದು ಇದಕ್ಕೇ.

ಮಿಲಾನ್, ಶಾಂಘೈಗಳದ್ದು ಆಪರೇಷನ್ ಸಾಧ್ಯವಿದ್ದವರ ಲೆಕ್ಕ. ತಂಬಾಕು, ಗುಟ್ಕಾಗಳ ನಮ್ಮ ನಾಡಿನಲ್ಲಿ ಊತ ಕೆನ್ನೆಯ ಮೂಳೆಯವರೆಗೆ ಏರಿದ ಮೇಲೆ ಆಸ್ಪತ್ರೆಗೆ ಬರುವವರು ಹೇರಳ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಆಪರೇಷನ್ ಅಸಾಧ್ಯವೆನಿಸಿದ 721 ಬಾಯಿ ಕ್ಯಾನ್ಸರ್ ರೋಗಿಗಳಿಗೆ ಮೊದಲು ಕೀಮೋ ಕೊಟ್ಟು 2014ರಲ್ಲಿ ವರದಿ ಮಾಡಿದರು. ಶೇ. 43 ಮಂದಿ ಆಪರೇಷನ್ ಟೇಬಲ್ ತಲುಪಿದರು. ಅವರಲ್ಲಿ ಅರ್ಧದಷ್ಟು ಮಂದಿ ಹತ್ತೊಂಬತ್ತೂವರೆ ತಿಂಗಳಿಗೂ ಹೆಚ್ಚು ಬದುಕಿದರೆ, ಉಳಿದವರಲ್ಲಿ ಅರ್ಧದಷ್ಟು ಮಂದಿ ಎಂಟು ತಿಂಗಳಿಗೂ ಹೆಚ್ಚು. ಇಲ್ಲಿ ಎಚ್ಚರ ಬೇಕು: ಮದ್ದಿಗೆ ಬಗ್ಗಿದ ರೋಗ ಮೊದಲೇ ಸೌಮ್ಯವಾಗಿದ್ದಿರಲೂಬಹುದು. ಆದರೂ ಕತ್ತಿಗೆ ಮುಂಚಿನ ಕೀಮೋಗೆ ಒಂದು ನಿಜವಾದ ನೆಲೆ ಸಿಕ್ಕಿದ್ದು ಈ ರೋಗಿಗಳಲ್ಲೇ ಅನ್ನಬೇಕು.

ಈಗ ಕತ್ತಿಗೆ ಮುಂಚಿನ ಜಾಗಕ್ಕೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೋಥೆರಪಿ ಕಾಲಿಡುತ್ತಿದೆ. 2025ರಲ್ಲಿ ಪ್ರಕಟವಾದ, 714 ರೋಗಿಗಳ ಕೀನೋಟ್-689 ಟ್ರಯಲ್‌ನಲ್ಲಿ ಆಪರೇಷನ್ನಿಗೆ ಮೊದಲೂ ಆಮೇಲೂ ಪೆಂಬ್ರೊಲಿಜುಮ್ಯಾಬ್ ಎಂಬ ಈ ಬಗೆಯ ಮದ್ದು ಪಡೆದವರಲ್ಲಿ ಶೇ. 57.6 ಮಂದಿ ಮೂರು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ, ಉಲ್ಬಣಿಸದೆ ಬದುಕಿದ್ದರು, ಪಡೆಯದವರಲ್ಲಿ ಶೇ. 46.4. ಅಡ್ಡಿ ಇರುವುದು ಬೆಲೆಯಲ್ಲಿ. ಇದೇ ಬಗೆಯ ನಿವೊಲುಮ್ಯಾಬ್ ಮದ್ದನ್ನು ಮಾಮೂಲಿ ಡೋಸಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಕೊಟ್ಟು, ಗುಣವಾಗುವ ಹಂತ ದಾಟಿದ ರೋಗಿಗಳಲ್ಲಿ ಒಂದು ವರ್ಷ ಬದುಕುವವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿದ್ದನ್ನು ಟಾಟಾ ವೈದ್ಯರು 2023ರಲ್ಲಿ ತೋರಿಸಿದರು. ಆ ಚಿಟಿಕೆ ಡೋಸು ಆಪರೇಷನ್ನಿಗೆ ಮುಂಚೆಯೂ ಸಾಕೇ ಎಂಬುದನ್ನು ದೊಡ್ಡ ಟ್ರಯಲ್‌ಗಳೇ ಹೇಳಬೇಕು.