ಆಟದ ನಿಯಮ ಬರೆಯುವವರು ಯಾರು?

ಮಳೆ ನಿಂತು ಮೈದಾನ ಒಣಗಿತೆಂದರೆ ನಮ್ಮ ಕಡೆ ಕ್ರಿಕೆಟ್ ಪಂದ್ಯಾಟಗಳ ಸಾಲು ಶುರುವಾಗುತ್ತದೆ. ಪುತ್ತೂರು, ಸುಳ್ಯ, ಕಡಬ, ಎಲ್ಲಿಗೆ ಹೋದರೂ 'ಹೊನಲು ಬೆಳಕಿನ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟ' ಎಂಬ ಬ್ಯಾನರ್ ಕಾಣಸಿಗುತ್ತದೆ. ಎಷ್ಟು ಓವರ್, ಬೌಂಡರಿ ಎಲ್ಲಿಯವರೆಗೆ, ಮರಕ್ಕೆ ತಾಗಿದರೆ ಎಷ್ಟು ರನ್ ಎಂಬುದನ್ನೆಲ್ಲ ಪಂದ್ಯಕ್ಕೆ ಮೊದಲೇ ಮಾತಾಡಿಕೊಳ್ಳುತ್ತಾರೆ. 'ತೀರ್ಪುಗಾರರ ತೀರ್ಮಾನವೇ ಅಂತಿಮ' ಎಂಬ ಸಾಲು ನೋಟೀಸಿನ ಕೊನೆಯಲ್ಲಿ ಇದ್ದೇ ಇರುತ್ತದೆ.

ಆದರೆ ಇದೇ ಅಂಡರ್ ಆರ್ಮ್ ಎಸೆತಕ್ಕೆ ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಜಾಗವಿಲ್ಲ. ಇದರ ಹಿಂದೆ ಒಂದು ಘಟನೆಯಿದೆ. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯ ವಿರುದ್ಧ ನ್ಯೂಜಿಲೆಂಡ್‌ಗೆ ಪಂದ್ಯವನ್ನು ಟೈ ಮಾಡಲು ಕೊನೆಯ ಚೆಂಡಿನಲ್ಲಿ 6 ರನ್ ಬೇಕಿತ್ತು. ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದರು. ಅದು ಅಂದಿನ ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ಆದರೆ ನ್ಯಾಯ ಎನಿಸಲಿಲ್ಲ. ಇಡೀ ಜಗತ್ತು ಛೀಮಾರಿ ಹಾಕಿದ ಮೇಲೆ ಏಕದಿನ ಪಂದ್ಯಗಳಲ್ಲಿ ಆ ಎಸೆತವನ್ನು ನಿಷೇಧಿಸಲಾಯಿತು. ಇಂದಿನ ನಿಯಮಾವಳಿಯ ಪ್ರಕಾರ ಪಂದ್ಯಕ್ಕೆ ಮೊದಲು ಎರಡೂ ತಂಡಗಳು ವಿಶೇಷವಾಗಿ ಒಪ್ಪಿಕೊಂಡಿದ್ದರೆ ಮಾತ್ರ ಅಂಡರ್ ಆರ್ಮ್‌ಗೆ ಅವಕಾಶ. ನಮ್ಮ ಹುಡುಗರು ಪಂದ್ಯಕ್ಕೆ ಮೊದಲು ಮಾಡಿಕೊಳ್ಳುವುದೂ ಅದೇ ಒಪ್ಪಂದವನ್ನೇ!

ಹಾಗಾದರೆ ಈ ನಿಯಮಗಳನ್ನು ಬರೆಯುವವರು ಯಾರು? ಅವರಿಗೆ ಆ ಅಧಿಕಾರ ಕೊಟ್ಟವರು ಯಾರು? ಕ್ರಿಕೆಟ್ ನೋಡುವ ನಮ್ಮ ವಿದ್ಯಾರ್ಥಿಗಳು ಇದನ್ನೂ ಸ್ವಲ್ಪ ತಿಳಿದಿರಬೇಕು.

ಕ್ರಿಕೆಟ್‌ನ ನಿಯಮಗಳು ಮೊದಲು ಲಿಖಿತ ರೂಪಕ್ಕೆ ಬಂದದ್ದು 1744ರಲ್ಲಿ, ಲಂಡನ್‌ನಲ್ಲಿ. 1787ರಲ್ಲಿ ಹುಟ್ಟಿದ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂಸಿಸಿ, ಮರುವರ್ಷ ತನ್ನದೇ ನಿಯಮಾವಳಿ ಹೊರತಂದಿತು. ಆಶ್ಚರ್ಯವೆಂದರೆ ಇಂದಿಗೂ ಕ್ರಿಕೆಟ್‌ನ ಮೂಲ ನಿಯಮಗಳ ಒಡೆತನ ಈ ಖಾಸಗಿ ಕ್ಲಬ್ಬಿನದ್ದೇ. 1998ರವರೆಗೆ ಮಹಿಳೆಯರಿಗೆ ಸದಸ್ಯತ್ವವನ್ನೇ ಕೊಡದಿದ್ದ ಕ್ಲಬ್ಬು ಅದು.

ದೇಶ ದೇಶಗಳ ನಡುವಿನ ಆಟವನ್ನು ನೋಡಿಕೊಳ್ಳಲು 1909ರಲ್ಲಿ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಸ್ಥಾಪನೆಯಾಯಿತು. ಹೆಸರೇ ಹೇಳುವಂತೆ ಅದು ಸಾಮ್ರಾಜ್ಯದ ಸಂಸ್ಥೆ. ಸದಸ್ಯರು ಮೂವರೇ: ಇಂಗ್ಲೆಂಡ್, ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕಾ. ಭಾರತ, ನ್ಯೂಜಿಲೆಂಡ್, ವೆಸ್ಟ್ ಇಂಡೀಸ್‌ಗೆ 1926ರಲ್ಲಿ ಬಾಗಿಲು ತೆರೆಯಿತು. ಪಾಕಿಸ್ತಾನಕ್ಕೆ 1952ರಲ್ಲಿ. 'ಇಂಪೀರಿಯಲ್' ಎಂಬ ಪದ ಹೋಗಿ 'ಇಂಟರ್‌ನ್ಯಾಷನಲ್' ಆದದ್ದು 1965ರಲ್ಲಿ. ಆದರೆ ಹೆಸರು ಬದಲಾದ ಮಾತ್ರಕ್ಕೆ ಯಜಮಾನಿಕೆ ಬದಲಾಗಲಿಲ್ಲ. 1989ರವರೆಗೂ ಎಂಸಿಸಿಯ ಅಧ್ಯಕ್ಷರೇ ಐಸಿಸಿಗೂ ಅಧ್ಯಕ್ಷರು. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಕ್ಕೆ ವಿಟೋ ಅಧಿಕಾರವಿತ್ತು. ಉಳಿದವರೆಲ್ಲ ಒಟ್ಟಾಗಿ ಕೈ ಎತ್ತಿದರೂ ಇವರೊಬ್ಬರು 'ಬೇಡ' ಎಂದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಕರ್ನಾಟಕದ ಎಂ. ಚಿನ್ನಸ್ವಾಮಿಯಂಥವರು ಐಸಿಸಿ ಸಭೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದ್ದು ಈ ಕಾಲದಲ್ಲಿ. ಮುಂದೆ ಗಾಳಿ ಬದಲಾಯಿತು. 1983ರಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಿತು. ನಮ್ಮ ಸಯ್ಯದ್ ಕಿರ್ಮಾನಿ, ರೋಜರ್ ಬಿನ್ನಿ ಆ ತಂಡದಲ್ಲಿದ್ದರು. 1987ರ ವಿಶ್ವಕಪ್ ಮೊದಲ ಬಾರಿಗೆ ಇಂಗ್ಲೆಂಡಿನಿಂದ ಹೊರಗೆ, ಭಾರತ-ಪಾಕಿಸ್ತಾನಗಳಲ್ಲಿ ನಡೆಯಿತು. ಇಂಗ್ಲೆಂಡಿನ ಬೇಸಿಗೆಯಷ್ಟು ದೀರ್ಘ ಹಗಲು ನಮ್ಮಲ್ಲಿಲ್ಲ. ಹಾಗಾಗಿ 60 ಓವರುಗಳ ಪಂದ್ಯ 50 ಓವರಿಗೆ ಇಳಿಯಿತು. ಅದೇ ಇಂದಿಗೂ ಉಳಿದಿದೆ. 1993ರಲ್ಲಿ ವಿಟೋ ಕೊನೆಗೊಂಡಿತು. ಅದೇ ವರ್ಷ ವೆಸ್ಟ್ ಇಂಡೀಸ್‌ನ ಕ್ಲೈಡ್ ವಾಲ್ಕಾಟ್ ಐಸಿಸಿಯ ಮುಖ್ಯಸ್ಥರಾದರು. 1997ರಲ್ಲಿ ಜಗಮೋಹನ್ ದಾಲ್ಮಿಯಾ ಅಧ್ಯಕ್ಷರಾದರು. 2005ರಲ್ಲಿ ಕಚೇರಿಯೇ ಲಾರ್ಡ್ಸ್‌ನಿಂದ ದುಬೈಗೆ ಬಂತು.

ಇನ್ನು ನಮ್ಮ ನೆರೆಹೊರೆಯ ಕಥೆಗೆ ಬರೋಣ. ಈಶ್ವರಮಂಗಲದಿಂದ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿಯ ಕುಂಬಳೆಯ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದವರು ಅನಿಲ್ ಕುಂಬ್ಳೆ. ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಾದರೂ ಕುಟುಂಬದ ಮೂಲ ಕುಂಬಳೆ. ನಿಯಮ ಬದಲಾವಣೆಯ ಇತಿಹಾಸದಲ್ಲಿ ಅವರಷ್ಟು ಬೇರೆ ಬೇರೆ ಸ್ಥಾನಗಳಲ್ಲಿ ನಿಂತವರು ವಿರಳ.

2008ರ ಜುಲೈಯಲ್ಲಿ ಶ್ರೀಲಂಕಾದಲ್ಲಿ ಅಂಪಾಯರ್ ತೀರ್ಪನ್ನು ಪ್ರಶ್ನಿಸುವ ಡಿಆರ್‌ಎಸ್ ಪದ್ಧತಿಯ ಪ್ರಯೋಗ ಮೊದಲ ಬಾರಿಗೆ ನಡೆಯಿತು. ಭಾರತದ ನಾಯಕ ಕುಂಬ್ಳೆಯವರೇ. ಆ ಸರಣಿಯಲ್ಲಿ ಶ್ರೀಲಂಕಾದ 11 ಮನವಿಗಳು ಫಲಿಸಿದರೆ ಭಾರತದ್ದು ಒಂದೇ ಒಂದು. ಸರಣಿಯೂ ಕೈತಪ್ಪಿತು. ಅಂದಿನಿಂದ ಭಾರತೀಯ ಮಂಡಳಿ ಡಿಆರ್‌ಎಸ್ ಎಂದರೆ ಮುಖ ತಿರುಗಿಸಿತು. ಇತರ ದೇಶಗಳು ಒಪ್ಪಿಕೊಂಡ ಮೇಲೂ ತಾನಾಡುವ ಸರಣಿಗಳಲ್ಲಿ ಬೇಡವೆಂದಿತು. ಒಂದೇ ಆಟ, ಎರಡು ನಿಯಮ!

2012ರಲ್ಲಿ ಕುಂಬ್ಳೆ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾದರು. ತಮ್ಮ ತಂಡಕ್ಕೆ ಕಹಿ ಅನುಭವ ಕೊಟ್ಟಿದ್ದ ಪದ್ಧತಿಯನ್ನು ಅವರು ದೂರ ತಳ್ಳಲಿಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ಎಂಜಿನಿಯರುಗಳಿಂದ ಆ ತಂತ್ರಜ್ಞಾನದ ಪರೀಕ್ಷೆ ಮಾಡಿಸಲಾಯಿತು. 2016ರ ನವೆಂಬರ್‌ನಲ್ಲಿ ರಾಜಕೋಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಭಾರತ ಡಿಆರ್‌ಎಸ್ ಒಪ್ಪಿಕೊಂಡು ಆಡಿತು. ಆಗ ಭಾರತ ತಂಡದ ಕೋಚ್ ಕೂಡ ಕುಂಬ್ಳೆಯವರೇ. ಕೋವಿಡ್ ಕಾಲದ 2020ರಲ್ಲಿ ಚೆಂಡಿಗೆ ಎಂಜಲು ಹಚ್ಚುವುದನ್ನು ನಿಲ್ಲಿಸಲು ಶಿಫಾರಸು ಮಾಡಿದ್ದೂ ಅವರ ಸಮಿತಿ. 2022ರಲ್ಲಿ ಎಂಸಿಸಿ ಅದನ್ನು ಕಾಯಂ ನಿಯಮವಾಗಿ ಬರೆಯಿತು. ಬೌಲರ್ ಆಗಿದ್ದವರೇ ಬೌಲರ್‌ಗಳಿಗೆ ಕಷ್ಟವಾಗುವ ಶಿಫಾರಸು ಮಾಡಿದರು ಎಂಬುದನ್ನು ಗಮನಿಸಬೇಕು.

ನಿಯಮ ಬದಲಾವಣೆಯಿಂದ ನಮಗೇನು ಎಂದು ಕೇಳುವವರಿಗೆ ಇನ್ನೊಂದು ಉದಾಹರಣೆ. 2025ರ ಫೆಬ್ರವರಿಯಲ್ಲಿ ಅಹಮದಾಬಾದ್‌ನಲ್ಲಿ ರಣಜಿ ಸೆಮಿಫೈನಲ್. ಕಾಸರಗೋಡು ತಳಂಗರೆಯ ಮುಹಮ್ಮದ್ ಅಝರುದ್ದೀನ್ ಅಜೇಯ 177 ರನ್ ಹೊಡೆದು ಕೇರಳವನ್ನು 457ಕ್ಕೆ ತಲುಪಿಸಿದ್ದರು. ಗುಜರಾತ್ 455ಕ್ಕೆ ಬಂದು ನಿಂತಿತ್ತು. ಉಳಿದದ್ದು ಒಂದೇ ವಿಕೆಟ್. ಕೊನೆಯ ಆಟಗಾರ ಬೀಸಿ ಹೊಡೆದ ಚೆಂಡು ಹತ್ತಿರದಲ್ಲಿದ್ದ ಸಲ್ಮಾನ್ ನಿಝಾರ್ ಅವರ ಹೆಲ್ಮೆಟ್‌ಗೆ ಬಡಿದು ಮೇಲಕ್ಕೆ ಚಿಮ್ಮಿತು. ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಹಿಡಿದರು. ಔಟ್! ಕೇವಲ 2 ರನ್ ಮುನ್ನಡೆಯ ಬಲದಲ್ಲಿ ಕೇರಳ ಮೊದಲ ಬಾರಿಗೆ ರಣಜಿ ಫೈನಲ್ ಸೇರಿತು. 2017ಕ್ಕಿಂತ ಮೊದಲಾಗಿದ್ದರೆ, ಫೀಲ್ಡರ್ ಧರಿಸಿದ ಹೆಲ್ಮೆಟ್‌ಗೆ ತಾಗಿದ ಚೆಂಡನ್ನು ಹಿಡಿದರೆ ಔಟ್ ಇರಲಿಲ್ಲ. ಲಾರ್ಡ್ಸ್‌ನಲ್ಲಿ ತಿದ್ದಿದ ಒಂದು ಸಾಲು ತಳಂಗರೆಯ ಹುಡುಗನ ಶ್ರಮಕ್ಕೆ ಫಲ ಕೊಟ್ಟಿತು.

ಇಷ್ಟೆಲ್ಲ ಸಂತೋಷದ ಸಂಗತಿ. ಆದರೆ ಇತಿಹಾಸ ಬರೆಯುವಾಗ ನಮ್ಮ ತಪ್ಪನ್ನೂ ಬರೆಯಬೇಕು. 2014ರಲ್ಲಿ ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯ ಸೇರಿ ಐಸಿಸಿಯ ಅಧಿಕಾರ ಮತ್ತು ಆದಾಯದ ದೊಡ್ಡ ಪಾಲನ್ನು ತಮ್ಮ ಕೈಗೆ ತೆಗೆದುಕೊಂಡವು. 2017ರಲ್ಲಿ ಅದನ್ನು ಸ್ವಲ್ಪ ಸರಿಪಡಿಸಲಾಯಿತು. ಆದರೆ 2024ರಿಂದ 2027ರ ಅವಧಿಗೆ ಐಸಿಸಿ ಆದಾಯದಲ್ಲಿ ಭಾರತದ ಪಾಲು ಶೇ. 38ಕ್ಕಿಂತ ಹೆಚ್ಚು ಎಂದು ವರದಿಯಾಯಿತು. ಹಣ ಬರುವುದು ಬಹುಪಾಲು ನಮ್ಮ ದೇಶದ ವೀಕ್ಷಕರಿಂದ, ಆದ್ದರಿಂದ ಪಾಲೂ ನಮಗೇ ಎನ್ನುವ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ 1909ರಲ್ಲಿ ಇಂಗ್ಲೆಂಡ್ ಹೇಳುತ್ತಿದ್ದದ್ದೂ ಇಂಥದೇ ಮಾತಲ್ಲವೇ? 'ಆಟ ನಮ್ಮದು, ಆದ್ದರಿಂದ ಮಾತೂ ನಮ್ಮದು.' ಬಾಗಿಲ ಹೊರಗೆ 17 ವರ್ಷ ಕಾದವರು ಒಳಗೆ ಬಂದ ಮೇಲೆ ಅದೇ ಬಾಗಿಲು ಮುಚ್ಚಬಾರದು. ಐಸಿಸಿಯ ಪೂರ್ಣ ಸದಸ್ಯರು ಇಂದಿಗೂ 12 ಮಾತ್ರ. 2007ರ ಏಕದಿನ ವಿಶ್ವಕಪ್‌ನಲ್ಲಿ 16 ತಂಡಗಳಿದ್ದವು. 2019 ಮತ್ತು 2023ರಲ್ಲಿ 10ಕ್ಕೆ ಇಳಿದವು. 2027ಕ್ಕೆ ಮತ್ತೆ 14 ಎಂದು ತೀರ್ಮಾನವಾಗಿರುವುದು ಸಮಾಧಾನದ ವಿಷಯ.

ಪ್ರಿಯ ವಿದ್ಯಾರ್ಥಿಗಳೇ, ಈ ಚರಿತ್ರೆ ಕ್ರಿಕೆಟ್‌ಗೆ ಮಾತ್ರ ಸೇರಿದ್ದಲ್ಲ. ನಾಳೆ ನೀವು ಒಂದು ಯುವಕ ಸಂಘದಲ್ಲೋ, ಸಹಕಾರಿ ಸಂಘದಲ್ಲೋ, ಪಂಚಾಯತಿನಲ್ಲೋ, ನಮ್ಮಂಥ ವಿದ್ಯಾಸಂಸ್ಥೆಯ ಸಮಿತಿಯಲ್ಲೋ ಕುಳಿತುಕೊಳ್ಳುವಿರಿ. ನಿಯಮ ಎಂದರೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಕಾಲಕ್ಕೆ ತಕ್ಕಂತೆ ತಿದ್ದಲೇಬೇಕು. ಆದರೆ ಪಂದ್ಯದ ಮಧ್ಯೆ ತಿದ್ದಬಾರದು, ತನ್ನ ಲಾಭಕ್ಕೆ ತಿದ್ದಬಾರದು, ಬಲವಿಲ್ಲದವನ ಮಾತು ಕೇಳದೆ ತಿದ್ದಬಾರದು. ಹೆಚ್ಚು ಚಂದಾ ಕೊಟ್ಟವನಿಗೂ ಮಹಾಸಭೆಯಲ್ಲಿ ಒಂದೇ ಮತ ಇರಬೇಕು.

ಚಾಪೆಲ್ ಅಂದು ಪಂದ್ಯ ಗೆದ್ದರು. ನಾಲ್ಕು ದಶಕ ಕಳೆದರೂ ಜನ ನೆನಪಿಟ್ಟುಕೊಂಡಿರುವುದು ಗೆಲುವನ್ನಲ್ಲ, ನೆಲದಲ್ಲಿ ಉರುಳಿದ ಆ ಚೆಂಡನ್ನು. ಅಧಿಕಾರದಲ್ಲಿ ಕುಳಿತವರೆಲ್ಲರೂ ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.