ಕಂಬಗಳ ನಡುವಿನ ಜಾಗ ಯಾರದು?

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಒಂದು ಚೆನ್ನೈ–ಕೋಲ್ಕತ್ತಾದ 16ನೇ ನಂಬರಿನದು. ಇನ್ನೊಂದು ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ 65ನೆಯದು. ನಮ್ಮ ಹುಮನಾಬಾದಿನ ಮೇಲೆ ಹಾದು ಬರುವ ಇದಕ್ಕೆ ಈ ಊರಿನವರು ಬಂದರು ರಸ್ತೆ ಎನ್ನುತ್ತಾರೆ. ಸುತ್ತಲೂ ಅಂಗಡಿ, ಆಸ್ಪತ್ರೆ, ಅಪಾರ್ಟ್‌ಮೆಂಟು. ಇಂಥ ಕಡೆ ಒಂದು ಕಾರು ನಿಲ್ಲುವಷ್ಟು ಜಾಗಕ್ಕೂ ಬೆಲೆ ಬರುತ್ತದೆ. ಬೆಲೆ ಬಂದ ಮೇಲೆ ಜಗಳವೂ ಬರುತ್ತದೆ.

ಕೆಲಸದ ಮೇಲೆ ಇಲ್ಲಿಗೆ ಬಂದ ನಾನು ಸರ್ಕಲ್ಲಿನ ಹತ್ತಿರ ಒಂದು ಫ್ಲಾಟನ್ನು ಬಾಡಿಗೆಗೆ ಹಿಡಿದೆ. ಕರಾರಿನಲ್ಲಿ ಫ್ಲಾಟಿನ ಜೊತೆ ಪಾರ್ಕಿಂಗ್ ನಂಬರೂ ಇತ್ತು. ಕೆಲವು ತಿಂಗಳ ನಂತರ ಅಸೋಸಿಯೇಷನ್‌ನವರು ಕೆಳಗಿನ ಪಾರ್ಕಿಂಗನ್ನು ಒಬ್ಬ ಗುತ್ತಿಗೆದಾರರ ಉಸ್ತುವಾರಿಗೆ ಬಿಟ್ಟರು. ಹೊಸ ಸ್ಟಿಕ್ಕರ್ ಬಂತು. ಅದು ಮಾಲೀಕರಿಗೆ ಮಾತ್ರ. ಒಂದು ಬೆಳಿಗ್ಗೆ ನನ್ನದೇ ನಂಬರಿನ ಜಾಗದಲ್ಲಿ ನಿಂತ ನನ್ನ ಕಾರಿನ ಗಾಜಿಗೆ 500 ರೂಪಾಯಿ ದಂಡದ ಚೀಟಿ ಅಂಟಿತ್ತು. ಕೇಳಿದರೆ ಗುತ್ತಿಗೆದಾರರ ಹುಡುಗ ಮೆಲ್ಲಗೆ ಹೇಳಿದ: "ಮೀರು ಓನರ್ ಕಾದು ಗದಾ ಸಾರ್." ನೀವು ಮಾಲೀಕರಲ್ಲವಲ್ಲ ಎಂದು. ಆ ಮಾತು 500 ರೂಪಾಯಿಗಿಂತ ಹೆಚ್ಚು ಚುಚ್ಚಿತು. ಹಾಗಾದರೆ ಮಾಲೀಕರು ಯಾರು ಎಂದು ಹುಡುಕುತ್ತಾ ಹೋದೆ.

ಉತ್ತರ ಸುಮಾರು ಐವತ್ತು ವರ್ಷದಷ್ಟು ಹಿಂದಕ್ಕೆ ಹೋಗುತ್ತದೆ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯ್ದೆ ಬಂದದ್ದು 1972ರಲ್ಲಿ, ಆಂಧ್ರದ್ದು 1987ರಲ್ಲಿ. ಎರಡರಲ್ಲೂ ಮೆಟ್ಟಿಲು, ಅಂಗಳ, ತೋಟಗಳ ಸಾಲಿನಲ್ಲಿ ಪಾರ್ಕಿಂಗ್ ಜಾಗವನ್ನೂ ಎಲ್ಲರಿಗೂ ಸೇರಿದ ಸ್ವತ್ತು ಎಂದೇ ಎಣಿಸಿದ್ದಾರೆ. ಅದು ಯಾರೊಬ್ಬರ ಸ್ವಂತದ್ದಲ್ಲ. ಬಳಸುವ ಹಕ್ಕು ಮಾತ್ರ ಹಂಚಿಕೆಯಾಗುತ್ತದೆ.

ಬಿಲ್ಡರುಗಳು ಮಾತ್ರ ಫ್ಲಾಟಿಗೊಂದು ದರ, ಪಾರ್ಕಿಂಗಿಗೊಂದು ದರ ಎಂದು ಮಾರುತ್ತಲೇ ಬಂದರು. ಈ ವ್ಯವಹಾರಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಮುಂಬೈನ ದಹಿಸರದಲ್ಲಿ. ಅಲ್ಲಿನ ಪಾಂಚಾಲಿ ಗೃಹ ಸಹಕಾರ ಸಂಘದ ಕಟ್ಟಡದ ಕಂಬಗಳ ನಡುವಿನ 25 ಪಾರ್ಕಿಂಗ್ ಜಾಗಗಳು ತನ್ನವು ಎಂದು ನಹಾಲ್‌ಚಂದ್ ಲಾಲೂಚಂದ್ ಎಂಬ ಕಟ್ಟಡ ಕಂಪನಿ ದಾವೆ ಹೂಡಿತು. ಕೆಳಗಿನ ಕೋರ್ಟಿನಲ್ಲಿ ಸೋತು, ಹೈಕೋರ್ಟಿನಲ್ಲಿ ಸೋತು, ಸುಪ್ರೀಂ ಕೋರ್ಟಿಗೆ ಬಂತು. 2010ರ ಆಗಸ್ಟ್ 31ರಂದು ನ್ಯಾಯಮೂರ್ತಿ ಆರ್.ಎಂ. ಲೋಧಾ ಬರೆದ ತೀರ್ಪು ಹೇಳಿದ್ದು ಇಷ್ಟು: ಕಂಬಗಳ ನಡುವಿನ ಜಾಗ ಫ್ಲಾಟೂ ಅಲ್ಲ, ಗ್ಯಾರೇಜೂ ಅಲ್ಲ, ಅದು ಎಲ್ಲರಿಗೂ ಸೇರಿದ್ದು, ಬಿಲ್ಡರು ಬೇರೆಯಾಗಿ ಮಾರುವಂತಿಲ್ಲ.

ಆ ತೀರ್ಪು ಮಹಾರಾಷ್ಟ್ರದ 1963ರ ಕಾಯ್ದೆಯ ಮೇಲೆ ನಿಂತದ್ದು. ಇಡೀ ದೇಶಕ್ಕೆ ಅನ್ವಯವಾಗುವ ರೇರಾ ಕಾಯ್ದೆ 2016ರಲ್ಲಿ ಬಂದಾಗ, ಬಯಲು ಪಾರ್ಕಿಂಗನ್ನು ಎಲ್ಲರ ಸ್ವತ್ತಿಗೆ ಸೇರಿಸಿತು. ಗ್ಯಾರೇಜ್ ಎನಿಸಿಕೊಳ್ಳಬೇಕಾದರೆ ಮೇಲೆ ಸೂರು, ಮೂರು ಕಡೆ ಗೋಡೆ ಇರಬೇಕು ಎಂದಿತು.

ಇಲ್ಲಿಯವರೆಗಿನದು ಬಿಲ್ಡರು ಮತ್ತು ಮಾಲೀಕರ ಕಥೆ. ಬಾಡಿಗೆದಾರರ ಕಥೆ ಇದಕ್ಕಿಂತ ಹಳೆಯದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೀಗನ್ನುತ್ತದೆ: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆ ಕೊಟ್ಟು ಷರತ್ತು ಪಾಲಿಸುವವನು ಆ ಸ್ವತ್ತನ್ನು ಅಡ್ಡಿಯಿಲ್ಲದೆ ಅನುಭವಿಸಬಹುದು. ದಂಡದ ವಿಷಯಕ್ಕೆ ಅದಕ್ಕೂ ಹತ್ತು ವರ್ಷ ಹಳೆಯದಾದ 1872ರ ಕರಾರು ಕಾಯ್ದೆ ಇದೆ. ಅದರ 74ನೇ ಕಲಮಿನ ಪ್ರಕಾರ, ಕರಾರು ಮುರಿದರೂ ದಕ್ಕುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದಿಟ್ಟ ಮೊತ್ತ ಅದರ ಗರಿಷ್ಠ ಮಿತಿ. ನನಗೂ ಆ ಗುತ್ತಿಗೆದಾರರಿಗೂ ನಡುವೆ ಕರಾರೇ ಇರಲಿಲ್ಲ. ಗೋಡೆಗೆ ಬೋರ್ಡು ಹಾಕಿದ ಮಾತ್ರಕ್ಕೆ ನಾನು ಒಪ್ಪಿದಂತೆ ಆಗುತ್ತದೆಯೇ?

ಈ ಎರಡೂ ಕಾಯ್ದೆಗಳು ಬ್ರಿಟಿಷರ ಕಾಲದವು. ಹಾಗಾಗಿ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಏನಾಯಿತೆಂದೂ ನೋಡಿದೆ. ಚೆಲ್ಮ್ಸ್‌ಫರ್ಡ್‌ನ ಅಂಗಡಿಗಳ ಪಾರ್ಕಿಂಗಿನಲ್ಲಿ ಎರಡು ಗಂಟೆ ಉಚಿತ. ಒಬ್ಬರು 56 ನಿಮಿಷ ಹೆಚ್ಚಿಗೆ ನಿಲ್ಲಿಸಿದ್ದಕ್ಕೆ ಖಾಸಗಿ ಕಂಪನಿ ಹಾಕಿದ 85 ಪೌಂಡನ್ನು ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿಯಿತು. ಆದರೆ ಮರುವರ್ಷ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನ ಮುಂದೆ ಬಂದದ್ದು ವಾಸದ ಕಟ್ಟಡದ ಪ್ರಕರಣ. ಮೇಜು ಇಳಿಸಲು ತನ್ನ ಕಟ್ಟಡದ ಬಾಗಿಲ ಬಳಿ ಕಾರು ನಿಲ್ಲಿಸಿದ ಮಹಿಳೆಗೆ ದಂಡ ಬಿದ್ದಿತ್ತು. ಲೀಸಿನಿಂದ ಬಂದ ಹಕ್ಕನ್ನು ಪಾರ್ಕಿಂಗ್ ಕಂಪನಿಯ ಬೋರ್ಡು ಕಿತ್ತುಕೊಳ್ಳಲಾರದು ಎಂದು ನ್ಯಾಯಾಧೀಶರು ಹೇಳಿದರು. ಅಂಗಡಿಗೆ ಬಂದುಹೋಗುವ ಗಿರಾಕಿ ಬೇರೆ, ಆ ಮನೆಯಲ್ಲೇ ಬಾಳುವವರು ಬೇರೆ.

ನಾನು ಕೋರ್ಟಿನವರೆಗೆ ಹೋಗಲಿಲ್ಲ. ಕರಾರಿನ ನಕಲು ಲಗತ್ತಿಸಿ ಅಸೋಸಿಯೇಷನ್‌ಗೆ ಒಂದು ಪುಟದ ಪತ್ರ ಬರೆದೆ. ಮನೆ ಮಾಲೀಕರೂ ಸಹಿ ಹಾಕಿದರು. ಹಂಚಿಕೆಯಾದ ಜಾಗದಿಂದ ನನ್ನನ್ನು ತೆಗೆಯುವ ಅಧಿಕಾರ ಯಾವ ಸಭೆಯ ಯಾವ ನಿರ್ಣಯದಿಂದ ಬಂತು ಎಂಬುದೊಂದೇ ಪ್ರಶ್ನೆ. ಲಿಖಿತ ಉತ್ತರ ಬರಲಿಲ್ಲ, ಸ್ಟಿಕ್ಕರ್ ಬಂತು. ದಂಡದ ಮಾತು ಮತ್ತೆ ಏಳಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರಲ್ಲಿ ಹೆಚ್ಚಿನವರು ಬಾಡಿಗೆದಾರರೇ. ಅಸೋಸಿಯೇಷನ್ ಸಭೆಗೆ ನಮ್ಮನ್ನು ಕರೆಯುವುದಿಲ್ಲ. ಭಾಷೆ ಬಾರದೆ ಸುಮ್ಮನಾಗುವುದೂ ಉಂಟು. ಆದ್ದರಿಂದ ಮನೆ ಹಿಡಿಯುವಾಗಲೇ ಪಾರ್ಕಿಂಗಿನ ನಂಬರನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಚೀಟಿ ಅಂಟಿಸಿದರೆ ಹಣ ಕೊಡುವ ಮೊದಲು ಅಧಿಕಾರ ಯಾರದೆಂದು ಬರಹದಲ್ಲಿ ಕೇಳಿ. ನಾವು ಆ ಊರಿಗೆ ಹೊಸಬರಿರಬಹುದು, ನಮ್ಮ ಹಕ್ಕು 1882ರಿಂದ ಇದೆ.