ಕಾಲ ಬದಲಾದಂತೆ ನೀತಿಯೂ ಬದಲಾಗುವುದೆ?

ವಿಜಯಪುರದಿಂದ ಗದಗಿನ ಕಡೆಗೆ ಹೊರಟ ರೈಲಿಗೆ ಮೊದಲು ಸಿಗುವ ನಿಲ್ದಾಣ ಇಬ್ರಾಹಿಂಪುರ. ಒಂದು ಕಾಲಕ್ಕೆ ನಗರದ ಆಚೆಗಿದ್ದ ಈ ಊರು ಈಗ ಬೆಳೆದ ನಗರದೊಳಗೇ ಸೇರಿಹೋಗಿದೆ. ವಿಜಯಪುರವನ್ನಾಳಿದ ಆದಿಲಶಾಹಿಗಳಲ್ಲಿ ಇಬ್ರಾಹಿಂ ಎಂಬ ಹೆಸರಿನ ಸುಲ್ತಾನರು ಇಬ್ಬರು. ಅದೇ ಹಳಿಯ ಮೇಲೆ ಮುಂದೆ ಸಾಗಿದರೆ ಬಸವನಬಾಗೇವಾಡಿ ರೋಡ್ ನಿಲ್ದಾಣ. ಅದು ಬಸವಣ್ಣನವರ ಹುಟ್ಟೂರಿನ ಹೆಸರು ಹೊತ್ತದ್ದು. ಹನ್ನೆರಡನೆಯ ಶತಮಾನದ ಶರಣರು ಮತ್ತು ಅವರಿಗಿಂತ ನಾಲ್ಕು ಶತಮಾನಗಳ ನಂತರದ ಸುಲ್ತಾನರು ಹೀಗೆ ಒಂದೇ ಹಾದಿಯಲ್ಲಿ ನೆನಪಾಗುತ್ತಾರೆ.

ಈ ಹಾದಿಯ ಸುತ್ತಮುತ್ತ ಉಳಿದಿರುವ ಕಲ್ಲು, ಗೋರಿ, ಗ್ರಂಥ, ಕಥೆಗಳೆಲ್ಲ ಒಂದು ಹಳೆಯ ಪ್ರಶ್ನೆಯನ್ನು ಎತ್ತುತ್ತವೆ. ಆ ಕಾಲದ ಸಜ್ಜನರು ಸರಿ ಎಂದು ನಂಬಿದ್ದ ಎಷ್ಟೋ ಸಂಗತಿಗಳು ಇಂದು ಅಪರಾಧಗಳಾಗಿವೆ. ಅವರು ಮಹಾಪಾಪವೆಂದು ತಿಳಿದಿದ್ದ ಕೆಲವು ಸಂಗತಿಗಳು ಇಂದು ಹಕ್ಕುಗಳಾಗಿವೆ. ಹಾಗಾದರೆ ನೀತಿ ಎಂಬುದು ಕಾಲಕಾಲಕ್ಕೆ ಬದಲಾಗುವ ಉಡುಪಿನಂಥದೆ? ಅಥವಾ ಉಡುಪು ಬದಲಾದರೂ ಒಳಗಿನ ದೇಹ ಒಂದೆಯೆ?

ಕಲ್ಯಾಣದ ಮದುವೆ

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಸಿಗುವ ಅತಿ ತೀಕ್ಷ್ಣವಾದ ಉದಾಹರಣೆ ಕಲ್ಯಾಣದ ಮದುವೆ. ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರು ಭಂಡಾರಿಯಾಗಿದ್ದರು. ಶರಣರ ಬಳಗದಲ್ಲಿ ಸಮಗಾರ ಕಾಯಕದ ಹರಳಯ್ಯನವರೂ ಇದ್ದರು, ಬ್ರಾಹ್ಮಣ ಮನೆತನದಿಂದ ಬಂದ ಮಧುವರಸರೂ ಇದ್ದರು. ಹರಳಯ್ಯನವರ ಮಗ ಶೀಲವಂತನಿಗೂ ಮಧುವರಸರ ಮಗಳು ಲಾವಣ್ಯವತಿಗೂ ಮದುವೆಯಾಯಿತೆಂದೂ, ಇದನ್ನು ಸಹಿಸದವರ ಒತ್ತಾಯದಿಂದ ಬಿಜ್ಜಳನು ಇಬ್ಬರು ತಂದೆಯರಿಗೂ ಘೋರ ಶಿಕ್ಷೆ ವಿಧಿಸಿದನೆಂದೂ ಪರಂಪರೆ ಹೇಳುತ್ತದೆ. ಕಣ್ಣು ಕೀಳಿಸಿದರೆಂದು ಒಂದು ಕಥನ ಹೇಳಿದರೆ, ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಮತ್ತೊಂದು ಕಥನ ಹೇಳುತ್ತದೆ. ಇವು ನಂತರದ ಕಾವ್ಯ, ಪುರಾಣಗಳಿಂದ ಬಂದ ವಿವರಗಳು, ಆ ಕಾಲದ ಶಾಸನಗಳ ದಾಖಲೆಯಲ್ಲ. ಆದರೆ ಶರಣ ಸಮೂಹ ಕಲ್ಯಾಣವನ್ನು ಬಿಟ್ಟು ಚದುರಿದ ನೆನಪು ಈ ಮದುವೆಯೊಂದಿಗೇ ಹೆಣೆದುಕೊಂಡು ಬಂದಿದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಶಿಕ್ಷೆಯನ್ನು ಬಯಸಿದವರು ತಾವು ಅಧರ್ಮ ಮಾಡುತ್ತಿದ್ದೇವೆ ಎಂದು ಭಾವಿಸಿರಲಿಲ್ಲ. ವರ್ಣಸಂಕರವನ್ನು ತಡೆಯುವುದು ರಾಜಧರ್ಮ ಎಂಬುದು ಅವರ ದೃಢ ನಂಬಿಕೆ. ಇತ್ತ ಶರಣರಿಗೆ ಲಿಂಗವಂತರಾದ ಇಬ್ಬರ ನಡುವೆ ಕುಲ ಎಣಿಸುವುದೇ ಅಧರ್ಮ. ಹೀಗೆ ಎರಡು ಪಕ್ಷಗಳೂ ಧರ್ಮದ ಹೆಸರನ್ನೇ ಹೇಳುತ್ತಿದ್ದವು.

ಹೆಣ್ಣು ಮೇಲು ಜಾತಿಯವಳು, ಗಂಡು ಕೆಳ ಜಾತಿಯವನು ಎನಿಸಿದ ಇಂಥ ಮದುವೆಯನ್ನು ಶಾಸ್ತ್ರಗಳು ಪ್ರತಿಲೋಮ ಎಂದು ಕರೆದವು. ಬಿಜಾಪುರ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೂ ನ್ಯಾಯಾಲಯಗಳು ಪ್ರತಿಲೋಮ ಮದುವೆಯನ್ನು ಶಾಸ್ತ್ರೋಕ್ತ ಹಿಂದೂ ವಿವಾಹವೆಂದು ಒಪ್ಪುತ್ತಿರಲಿಲ್ಲ. ಜಾತಿ ಬೇರೆ ಎಂಬ ಕಾರಣಕ್ಕೆ ಯಾವ ಹಿಂದೂ ವಿವಾಹವೂ ಅಸಿಂಧುವಾಗದು ಎಂದು ದೇಶಕ್ಕೆಲ್ಲ ಒಂದೇ ಮಾತಿನಲ್ಲಿ ಹೇಳಿದ ಕಾಯ್ದೆ ಬಂದದ್ದು 1949ರಲ್ಲಿ. ಕಲ್ಯಾಣದ ಮದುವೆಗೆ ಕಾನೂನಿನ ಒಪ್ಪಿಗೆ ಸಿಗಲು ಸುಮಾರು ಎಂಟು ಶತಮಾನಗಳೇ ಬೇಕಾದವು ಎನ್ನಬಹುದು.

ಶಾಸ್ತ್ರಕಾರನ ಪೇಚು

ನೀತಿ ಬದಲಾಗುತ್ತದೆಯೆ ಎಂಬ ಪ್ರಶ್ನೆ ಇಂದಿನವರಿಗೆ ಮಾತ್ರ ಹೊಳೆದದ್ದಲ್ಲ. ಬಸವಣ್ಣನವರಿಗಿಂತ ಕೆಲವು ದಶಕಗಳ ಹಿಂದೆ ಅದೇ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಆಸ್ತಿ ಹಕ್ಕಿಗೆ ಬುನಾದಿಯಾದ ಗ್ರಂಥವಿದು.

ಪಿತ್ರಾರ್ಜಿತ ಆಸ್ತಿಯನ್ನು ಪಾಲು ಮಾಡುವಾಗ ಹಿರಿಯ ಮಗನಿಗೆ ಹೆಚ್ಚು ಭಾಗ ಕೊಡಬಹುದು ಎಂದು ಸ್ಮೃತಿಗಳಲ್ಲಿದೆ. ಆದರೆ ವಿಜ್ಞಾನೇಶ್ವರನ ಕಾಲಕ್ಕೆ ಜನ ಅದನ್ನು ಅನ್ಯಾಯವೆಂದು ಭಾವಿಸತೊಡಗಿದ್ದರು. ಶಾಸ್ತ್ರವನ್ನು ಸುಳ್ಳೆನ್ನುವಂತಿಲ್ಲ, ಜನರ ನ್ಯಾಯಬುದ್ಧಿಯನ್ನು ತಳ್ಳಿಹಾಕುವಂತೆಯೂ ಇಲ್ಲ. ಅವನು ಕಂಡುಕೊಂಡ ದಾರಿ ಸ್ವಾರಸ್ಯಕರವಾಗಿದೆ. ಶಾಸ್ತ್ರದಲ್ಲಿ ಇದ್ದರೂ ಲೋಕವಿದ್ವಿಷ್ಟವಾದದ್ದನ್ನು, ಅಂದರೆ ಜನರು ಅಸಹ್ಯಪಡುವುದನ್ನು ಆಚರಿಸಬಾರದು ಎಂದು ಅವನು ತೀರ್ಮಾನಿಸಿದನು. ಇದಕ್ಕೆ ನಿಯೋಗ ಪದ್ಧತಿ, ಯಜ್ಞದ ಗೋವಧೆ ಮುಂತಾದವನ್ನು ಉದಾಹರಣೆಯಾಗಿ ಕೊಟ್ಟನು. ಒಂದು ಕಾಲಕ್ಕೆ ವಿಧಿಯಾಗಿದ್ದವು ಇನ್ನೊಂದು ಕಾಲಕ್ಕೆ ವರ್ಜ್ಯವಾದುದನ್ನು ಒಂಬೈನೂರು ವರ್ಷಗಳ ಹಿಂದಿನ ಈ ಸಂಪ್ರದಾಯಸ್ಥ ಪಂಡಿತನೇ ಒಪ್ಪಿಕೊಂಡಿದ್ದನು.

ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿದವನೂ ಅವನೇ. ಆದರೂ ಮನೆತನದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಗಂಡು ಮಕ್ಕಳಿಗಷ್ಟೇ ಉಳಿಯಿತು. ಆ ಗೆರೆಯನ್ನು ಕರ್ನಾಟಕ ದಾಟಿದ್ದು 1994ರಲ್ಲಿ. ಅವಿವಾಹಿತ ಹೆಣ್ಣು ಮಕ್ಕಳಿಗೂ ಸಮಪಾಲು ನೀಡುವ ರಾಜ್ಯದ ತಿದ್ದುಪಡಿ ಆಗ ಜಾರಿಗೆ ಬಂತು. 2005ರ ಕೇಂದ್ರ ತಿದ್ದುಪಡಿ ವಿವಾಹಿತರನ್ನೂ ಸೇರಿಸಿಕೊಂಡಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಚ್ಯುತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಮಕ್ಕಳಲ್ಲಿ ಭೇದ ಮಾಡಬಾರದು ಎಂಬ ತತ್ತ್ವ ವಿಜ್ಞಾನೇಶ್ವರನದೇ. ‘ಮಕ್ಕಳು’ ಎಂಬ ಮಾತಿನೊಳಗೆ ಮಗಳು ಬರಲು ಇಷ್ಟು ಕಾಲ ಹಿಡಿಯಿತು.

ಗೋರಿಗಳು ಹೇಳುವ ಮಾತು

ವಿಜಯಪುರ ನಗರದ ಹೊರಗೆ ಒಂದೇ ಕಟ್ಟೆಯ ಮೇಲೆ ಸಾಲು ಸಾಲಾಗಿ ಅರವತ್ತಕ್ಕೂ ಹೆಚ್ಚು ಗೋರಿಗಳಿವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಆಕಾರದವು. ಜನ ಇದನ್ನು ‘ಸಾಠ್ ಕಬರ್’ ಎನ್ನುತ್ತಾರೆ. ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಆದಿಲಶಾಹಿ ಸೇನಾನಿ ಅಫ್ಜಲ್ ಖಾನನಿಗೆ ‘ನೀನು ಮರಳಿ ಬರುವುದಿಲ್ಲ’ ಎಂದು ಜ್ಯೋತಿಷಿಯೊಬ್ಬ ನುಡಿದನಂತೆ. ತನ್ನ ನಂತರ ಪತ್ನಿಯರು ಪರರ ಪಾಲಾಗಬಾರದೆಂದು ಖಾನನು ಅವರೆಲ್ಲರನ್ನೂ ಕೊಲ್ಲಿಸಿದನೆಂಬುದು ಐತಿಹ್ಯ. 1659ರ ನವೆಂಬರ್ 10ರಂದು ಪ್ರತಾಪಗಡದಲ್ಲಿ ಅವನು ಹತನಾದದ್ದು ಮಾತ್ರ ಇತಿಹಾಸ.

ಐತಿಹ್ಯ ನಿಜವೋ ಅಲ್ಲವೋ, ಅದರ ಹಿಂದಿರುವ ಭಾವನೆ ಆ ಕಾಲಕ್ಕೆ ಅಪರಿಚಿತವಾಗಿರಲಿಲ್ಲ. ಹೆಂಡತಿಯ ಪ್ರಾಣಕ್ಕಿಂತ ಗಂಡನ ಮಾನ ದೊಡ್ಡದು ಎಂಬ ಭಾವನೆ ಅದು. ಯಾವ ಒಂದು ಮತಕ್ಕೂ ಅದು ಸೀಮಿತವಾಗಿರಲಿಲ್ಲ. ಕರ್ನಾಟಕದ ಊರೂರುಗಳಲ್ಲಿರುವ ಮಾಸ್ತಿಕಲ್ಲುಗಳೂ ಅದನ್ನೇ ಹೇಳುತ್ತವೆ. ಆದರೆ ಆ ಕಾಲದವರೆಲ್ಲ ಇದನ್ನು ಪ್ರಶ್ನಿಸದೆ ಒಪ್ಪಿದ್ದರು ಎನ್ನುವುದೂ ತಪ್ಪಾದೀತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆ ಎಂಬ ಹೆಣ್ಣುಮಗಳು ಅಗ್ನಿಪ್ರವೇಶ ಮಾಡಿದ್ದನ್ನು ಕೊಂಡಾಡುತ್ತದೆ. ಹೆತ್ತವರು ಆಕೆಯನ್ನು ತಡೆಯಲು ಯತ್ನಿಸಿದ್ದನ್ನೂ ಅದೇ ಶಾಸನ ಹೇಳುತ್ತದೆ. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ ಬಾಣಕವಿ ‘ಕಾದಂಬರಿ’ಯಲ್ಲಿ ಸಹಗಮನವನ್ನು ಖಂಡಿಸಿದ್ದನು. ಸಮಾಜ ಹೊಗಳಿದ್ದನ್ನು ಹೆತ್ತ ಕರುಳು ಒಪ್ಪಿರಲಿಲ್ಲ. 1829ರಲ್ಲಿ ಬಂಗಾಳದಲ್ಲಿ ಬಂದ ಸತಿ ನಿಷೇಧ ಎಲ್ಲಿಂದಲೋ ಹೊಸದಾಗಿ ಬಂದು ಬಿದ್ದ ನೀತಿಯಲ್ಲ. ಇಂಥ ಹಳೆಯ ಅಳುಕಿಗೆ ಕೊನೆಗೆ ದೊರೆತ ಕಾನೂನಿನ ಬಲ ಅದು.

ಬಂಡೆಯ ಮೇಲಿನ ಬರಹ

ಬದಲಾಗದೆ ಉಳಿದದ್ದು ಯಾವುದು ಎಂದು ನೋಡಲು ಇನ್ನೂ ಹಿಂದಕ್ಕೆ ಹೋಗಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನವಿದೆ. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಗಳ ನಂತರವೂ ಇದರಲ್ಲಿ ಒಂದನ್ನೂ ಯಾರೂ ತೆಗೆದುಹಾಕಲಾರರು. ಇಂದಿನ ಶಾಲೆಯ ಗೋಡೆಗೂ ಇದು ಹೊಂದುತ್ತದೆ.

ಆದರೆ ಅದೇ ಅಶೋಕ ತನ್ನ ಬೇರೆ ಶಾಸನಗಳಲ್ಲಿ ದಾಸರನ್ನೂ ಸೇವಕರನ್ನೂ ಸರಿಯಾಗಿ ನಡೆಸಿಕೊಳ್ಳಬೇಕು ಎಂದನೇ ಹೊರತು ದಾಸ್ಯವೇ ಬೇಡ ಎನ್ನಲಿಲ್ಲ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ (1580–1627) ವಿಷಯವೂ ಇಂಥದೇ. ‘ಕಿತಾಬೆ ನವರಸ’ದಲ್ಲಿ ಸರಸ್ವತಿಯನ್ನೂ ಪ್ರವಾದಿಯವರನ್ನೂ ಬಂದೇನವಾಜರನ್ನೂ ಒಟ್ಟಿಗೆ ಸ್ಮರಿಸಿ, ಜನರಿಂದ ಜಗದ್ಗುರು ಎನಿಸಿಕೊಂಡ ಉದಾರಿ ಅವನು. ಅವನ ಕಾಲದ ದಖ್ಖನಿನ ಆಸ್ಥಾನಗಳಿಗೆ ಆಫ್ರಿಕದಿಂದ ಗುಲಾಮರಾಗಿ ತಂದ ಹಬಶಿಗಳು ಬರುತ್ತಿದ್ದರು. ಅವರಲ್ಲಿ ಕೆಲವರು ಸೇನಾನಿಗಳೂ ಮಂತ್ರಿಗಳೂ ಆದರು. ಆದರೆ ಮನುಷ್ಯನನ್ನು ಕೊಳ್ಳುವುದು, ಮಾರುವುದು ತಪ್ಪೆಂದು ಆಸ್ಥಾನಕ್ಕೆ ತೋರಿರಲಿಲ್ಲ. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ, ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಕಾಣುತ್ತದೆ. ದಯೆ, ಸತ್ಯ, ಕೊಟ್ಟ ಮಾತು, ನ್ಯಾಯವಾದ ಪಾಲು ಇವು ಬದಲಾಗಿಲ್ಲ. ಬದಲಾದದ್ದು ಇವು ಯಾರ್‍ಯಾರಿಗೆ ಸಲ್ಲಬೇಕು ಎಂಬ ಲೆಕ್ಕ. ಹಿಂದೆ ಆ ಲೆಕ್ಕದ ಹೊರಗೆ ಸಮಗಾರನಿದ್ದ, ಗುಲಾಮನಿದ್ದ, ಮಗಳಿದ್ದಳು, ವಿಧವೆಯಿದ್ದಳು. ಒಬ್ಬೊಬ್ಬರೇ ಒಳಗೆ ಬಂದರು, ಅದೂ ತಾವಾಗಿ ಬಾಗಿಲು ತಟ್ಟಿದ ಮೇಲೆ.

ಅಳತೆಗೋಲು ಯಾವುದು?

ಹಾಗೆಂದು ಜನರ ಅಭಿಪ್ರಾಯವನ್ನೇ ನೀತಿಯ ಅಳತೆಗೋಲು ಎನ್ನಬಹುದೆ? ಲೋಕ ಹೇಸುವುದನ್ನು ಬಿಡಬೇಕು ಎಂದ ವಿಜ್ಞಾನೇಶ್ವರನ ಸೂತ್ರ ಆಸ್ತಿಯ ಪಾಲಿನಲ್ಲಿ ನ್ಯಾಯವನ್ನೇ ತಂದಿತು. ಆದರೆ ಹರಳಯ್ಯನವರ ಮನೆಯ ಮದುವೆಯನ್ನೂ ಅಂದಿನ ಲೋಕ ಹೇಸಿತ್ತು. ಒಂದೇ ಸೂತ್ರ ಒಂದು ಕಡೆ ಕಿರಿಯ ಮಗನನ್ನು ಕಾಯಿತು, ಇನ್ನೊಂದು ಕಡೆ ಅದೇ ಮನೋಭಾವ ಇಬ್ಬರು ತಂದೆಯರನ್ನು ಬಲಿ ತೆಗೆದುಕೊಂಡಿತು. ಶರಣರು ಲೋಕದ ಒಪ್ಪಿಗೆಯ ಬದಲು ದಯೆಯನ್ನೂ ನಡೆ ನುಡಿಗಳ ಹೊಂದಾಣಿಕೆಯನ್ನೂ ಅಳತೆಗೋಲಾಗಿ ಹಿಡಿದರು. ಯಾವುದೇ ಕಟ್ಟಳೆಯಿಂದ ನೋವು ಯಾರಿಗೆ, ಲಾಭ ಯಾರಿಗೆ ಎಂದು ಕೇಳಿದರೆ ಅದರ ಬಣ್ಣ ಬಯಲಾಗುತ್ತದೆ. ಡಾ. ಬಿ.ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಸಾಂವಿಧಾನಿಕ ನೈತಿಕತೆಯ ಮಾತೆತ್ತಿದಾಗ, ಅದು ಸಹಜವಾಗಿ ಬರುವ ಭಾವನೆಯಲ್ಲ, ರೂಢಿಸಿಕೊಳ್ಳಬೇಕಾದದ್ದು ಎಂದು ಎಚ್ಚರಿಸಿದ್ದರು.

ಆ ಎಚ್ಚರಿಕೆ ಹಳತಾಗಿಲ್ಲ. ಬಸವಣ್ಣನವರು ಹುಟ್ಟಿದ ವಿಜಯಪುರ ಜಿಲ್ಲೆಯಲ್ಲಿಯೇ 2017ರಲ್ಲಿ ಮತ್ತು 2021ರಲ್ಲಿ ಜಾತಿ, ಧರ್ಮ ಮೀರಿ ಪ್ರೀತಿಸಿದ ಯುವಜನರು ಮರ್ಯಾದೆಯ ಹೆಸರಿನಲ್ಲಿ ಕೊಲೆಯಾದ ಪ್ರಕರಣಗಳು ವರದಿಯಾದವು. ವಯಸ್ಕರಿಬ್ಬರು ಒಪ್ಪಿ ಆಗುವ ಮದುವೆಗೆ ಮನೆತನದ ಇಲ್ಲವೇ ಪಂಚಾಯಿತಿಯ ಅನುಮತಿ ಬೇಕಿಲ್ಲ ಎಂದು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕೆಂದು ಪೊಲೀಸರಿಗೆ ಸೂಚನೆಗಳನ್ನೂ ನೀಡಿದೆ. ಅಂತರ್ಜಾತಿ ವಿವಾಹಕ್ಕೆ ಸರ್ಕಾರದ ಪ್ರೋತ್ಸಾಹಧನವೂ ಇದೆ.

ಕಾನೂನು ಇಷ್ಟು ದೂರ ಬಂದಿದೆ, ಮನೆಯ ಹೊಸ್ತಿಲು ಇನ್ನೂ ಬಂದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರ ಹೆಸರುಗಳನ್ನು ನೋಂದಣಿ ಕಚೇರಿಯಲ್ಲಿ 30 ದಿನ ಪ್ರಕಟಿಸಬೇಕು. ಆಕ್ಷೇಪವಿದ್ದವರು ಹೇಳಲಿ ಎಂಬುದು ಅದರ ಉದ್ದೇಶ. ಆ ಮೂವತ್ತು ದಿನಗಳನ್ನು ಹೆದರಿಕೆಯಲ್ಲಿ ಕಳೆಯುವ ಜೋಡಿಗಳು ಈಗಲೂ ಇದ್ದಾರೆ. ಆ ಹೆದರಿಕೆ ಇರುವವರೆಗೆ ಕಲ್ಯಾಣದ ವ್ಯಾಜ್ಯ ಇತ್ಯರ್ಥವಾಯಿತು ಎನ್ನುವಂತಿಲ್ಲ.